ಆಳವನ್ನು ಅಳೆಯುವ ಕಣ್ಣುಗಳು

ನವಲಗುಂದದ ಮಹಿಳೆಯರು ನೇಯುವ ಜಮಖಾನಗಳು ಹೆಸರಾದುವು. ಮಗ್ಗದ ಮುಂದೆ ಕುಳಿತವರ ಬೆರಳುಗಳು ಎಳೆಗಳ ನಡುವೆ ತಪ್ಪದೆ ನುಸುಳುವುದನ್ನು ನೋಡಿದರೆ ಬೆರಗಾಗುತ್ತದೆ. ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಿರಿ. ಆ ಕೌಶಲದ ಒಂದು ಗುಟ್ಟು ತಿಳಿಯುತ್ತದೆ. ದಾರದ ತುದಿಯು ಸೂಜಿಯ ಮುಂದೋ ಹಿಂದೋ ಹಾದುಹೋಗುತ್ತದೆ.

ನಮ್ಮ ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರವಿದೆ. ಆದುದರಿಂದ ಒಂದೇ ವಸ್ತುವಿನ ಎರಡು ಬಿಂಬಗಳು ತುಸು ಬೇರೆಯಾಗಿರುತ್ತವೆ. ಈ ವ್ಯತ್ಯಾಸದಿಂದ ಆಳದ ಅರಿವು ಮೂಡುತ್ತದೆಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿಕೊಟ್ಟನು. ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರವನ್ನು ಕಾಣಿಸುವ ಅವನ ಉಪಕರಣವೇ ಸ್ಟೀರಿಯೋಸ್ಕೋಪು. ಇಂದಿನ ತ್ರಿವಿಮ ಪರದೆಗಳೂ ಅದರ ಸಂತತಿಯೇ.

ಈ ವ್ಯತ್ಯಾಸವನ್ನು ಕೋನವಾಗಿ ಅಳೆಯುತ್ತಾರೆ. ಒಂದು ಡಿಗ್ರಿಯ 3600ನೆಯ ಭಾಗವೇ ವಿಕಲೆ. 40 ವಿಕಲೆಗಳನ್ನು ಗುರುತಿಸಬಲ್ಲ ದೃಷ್ಟಿಯನ್ನು ವೈದ್ಯರು ಉತ್ತಮವೆಂದು ಎಣಿಸುತ್ತಾರೆ. ಅಂಥವರು 2 ಮೀಟರ್ ದೂರದಲ್ಲಿ ಒಂದು ಕಡ್ಡಿಗಿಂತ ಇನ್ನೊಂದು 1.2 ಸೆಂಟಿಮೀಟರ್ ಹಿಂದಿದ್ದರೂ ಬಲ್ಲರು. ಆದರೆ ಎರೆಹೊಲದಾಚೆ 50 ಮೀಟರ್ ದೂರದ ಜಾಲಿಮರಕ್ಕಿಂತ ಇನ್ನೊಂದು ಮರ ಸುಮಾರು 9 ಮೀಟರ್ ಹಿಂದಿದ್ದರೆ ಮಾತ್ರ ಎರಡು ಕಣ್ಣುಗಳ ಈ ಶಕ್ತಿ ನೆರವಾದೀತು. ಅದಕ್ಕಿಂತ ದೂರಕ್ಕೆ ಮರದ ಗಾತ್ರ, ಮಬ್ಬು, ಒಂದರ ಮರೆಯಲ್ಲಿ ಇನ್ನೊಂದು ಇರುವಿಕೆ ಮೊದಲಾದ ಸುಳಿವುಗಳೇ ಗತಿ.

ಇಂಥ ಸುಳಿವುಗಳೇ ಪರೀಕ್ಷಕನನ್ನು ಮೋಸಗೊಳಿಸುತ್ತವೆ. ಚಿಕ್ಕಂದಿನಿಂದ ಮೆಳ್ಳೆಗಣ್ಣಿರುವ ಮಗುವಿನ ಮಿದುಳು ಒಂದು ಕಣ್ಣಿನ ಬಿಂಬವನ್ನು ಕಡೆಗಣಿಸಬಹುದು. ಆದರೂ ನೆರಳನ್ನು ನೋಡಿ ಮಗು ಸರಿಯುತ್ತರವನ್ನೇ ಕೊಟ್ಟು ಪಾರಾಗುತ್ತದೆ. ಚಿಕಿತ್ಸೆಯ ಸಕಾಲ ಕಳೆದುಹೋಗುತ್ತದೆ. 1960ರಲ್ಲಿ ಬೇಲಾ ಯೂಲೆಸ್ ಎಂಬ ವಿಜ್ಞಾನಿ ಇದಕ್ಕೆ ಉಪಾಯವಾಗಬಲ್ಲ ಚುಕ್ಕೆಚಿತ್ರಗಳನ್ನು ಪ್ರಕಟಿಸಿದನು. ಒಂಟಿ ಕಣ್ಣಿಗೆ ಅವು ಎರಚಿದ ಸಾಸಿವೆಯಂತೆ ತೋರುತ್ತವೆ. ಎರಡು ಕಣ್ಣುಗಳಿಗೆ ಮಾತ್ರ ನಡುವಣ ಚೌಕವು ತೇಲಿಬರುತ್ತದೆ.

ಈಗ ಈ ಚುಕ್ಕೆಗಳನ್ನು ಕಂಪ್ಯೂಟರ್ ಪರದೆಯ ಮೇಲೂ ತೋರಿಸುವರು. ಇಲ್ಲೊಂದು ತೊಡಕು. ಪರದೆಯ ಒಂದು ಬಿಂದು 0.25 ಮಿಲಿಮೀಟರ್ ಅಗಲವಿದ್ದು, ನೋಡುವವನು 60 ಸೆಂಟಿಮೀಟರ್ ದೂರದಲ್ಲಿ ಕುಳಿತರೆ, ಆ ಬಿಂದುವೇ ಸುಮಾರು 86 ವಿಕಲೆಗಳಷ್ಟಾಗುತ್ತದೆ. ಬಿಂದುಬಿಂದುವಾಗಿ ಸರಿಸುವ ಅಂಥ ಪರದೆಯಲ್ಲಿ 40 ವಿಕಲೆಗಳ ಪ್ರಶ್ನೆಯನ್ನು ಕೇಳುವುದೇ ಅಸಾಧ್ಯ! ಅಳತೆಗೋಲಿನ ಒರಟುತನವನ್ನು ಮಗುವಿನ ದೋಷವೆಂದು ಬರೆದುಬಿಡುವ ಅಪಾಯವಿದೆ. ಎರಡು ಪರದೆಗಳ ಫಲಿತಾಂಶವನ್ನು ಹೋಲಿಸುವಾಗ ಬಿಂದುವಿನ ಗಾತ್ರವನ್ನೂ ಕುಳಿತ ದೂರವನ್ನೂ ಮೊದಲು ಬರೆದಿಟ್ಟುಕೊಳ್ಳಬೇಕು. ಅದೇ ಪರದೆಯನ್ನು 2.4 ಮೀಟರ್ ದೂರಕ್ಕೆ ಸರಿಸಿದರೆ ಬಿಂದುವಿನ ಅಳತೆ ಸುಮಾರು 21 ವಿಕಲೆಗಳಿಗೆ ಇಳಿಯುತ್ತದೆ.