ಒಂದೇ ಖೋಲಿಯಲ್ಲಿ ಕೂಸಿನ ಆಟ

ಹೋದ ತಿಂಗಳು ವಾಚನಾಲಯದ ಬಾಗಿಲು ಮುಚ್ಚುವ ಹೊತ್ತಿಗೆ ನಮ್ಮ ಬಂಧುಗಳೊಬ್ಬರು ಬಂದು ನಿಂತರು. ಸ್ವಾರಗೇಟ ನಿಲ್ದಾಣದ ಹಿಂಬದಿಯ ಒಂದು ಖೋಲಿಯಲ್ಲಿ ಅವರ ಸಂಸಾರ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವವರು. “ಅಣ್ಣಾರ, ಹುಡುಗಗ ಎರಡು ವರ್ಷ ಆತು. ಬುದ್ಧಿ ಬೆಳಿಯೂ ಆಟದ ಸಾಮಾನು ಅಂತ ಅಂಗಡ್ಯಾಗ ಕೇಳಿದ್ರ ಐದುನೂರರ ಕೆಳಗ ಮಾತಾ ಇಲ್ಲ. ಕೊಡಸದಿದ್ರ ಕೂಸು ಹಿಂದ ಬೀಳತೈತೇನ್ರಿ?” ಎಂದು ಕೇಳಿದರು. ಬೀಳುವುದಿಲ್ಲವೆಂದು ಆಗಲೇ ಹೇಳಿದೆವು. ಏಕೆ ಬೀಳುವುದಿಲ್ಲ ಎಂಬುದನ್ನು ಇಲ್ಲಿ ತುಸು ವಿವರವಾಗಿ ಬರೆಯುತ್ತಿದ್ದೇವೆ.

ಜಮೈಕಾ ಎಂಬ ದ್ವೀಪದ ಕಿಂಗ್‌ಸ್ಟನ್ ಪಟ್ಟಣದಲ್ಲಿ 1986-87ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬಡ ಓಣಿಗಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದ, 9ರಿಂದ 24 ತಿಂಗಳೊಳಗಿನ 129 ಕೂಸುಗಳನ್ನು ಆರಿಸಿಕೊಂಡರು. ಅವುಗಳಲ್ಲಿ ಕೆಲವರ ಮನೆಗೆ ಆರೋಗ್ಯ ಸೇವಕಿಯೊಬ್ಬಳು ವಾರಕ್ಕೊಮ್ಮೆ, ಒಂದು ಗಂಟೆಯ ಮಟ್ಟಿಗೆ, ಎರಡು ವರ್ಷ ಹೋಗಿಬಂದಳು. ಅವಳ ಚೀಲದಲ್ಲಿದ್ದುದು ಖಾಲಿ ಬಾಟಲಿ, ರಟ್ಟು, ಚಿಂದಿ ಬಟ್ಟೆಗಳಿಂದ ಮಾಡಿದ ಆಟಿಕೆ. ಕೂಸಿನೊಡನೆ ಹೇಗೆ ಆಡಬೇಕು, ಆಡುವಾಗ ಏನು ಮಾತಾಡಬೇಕು ಎಂಬುದನ್ನು ಅವಳು ತಾಯಿಗೆ ತೋರಿಸಿಕೊಡುತ್ತಿದ್ದಳು. ಆಟಿಕೆಯನ್ನು ಮನೆಯಲ್ಲಿಯೇ ಬಿಟ್ಟು ಮುಂದಿನ ವಾರ ಬೇರೆಯದನ್ನು ತರುತ್ತಿದ್ದಳು. ಅಷ್ಟೇ. ಸುಮಾರು ಇಪ್ಪತ್ತು ವರ್ಷಗಳ ತರುವಾಯ ಅವರನ್ನು ಹುಡುಕಿ ನೋಡಿದಾಗ, ಹೀಗೆ ಆಡಿ ಬೆಳೆದವರ ಗಳಿಕೆ ಉಳಿದವರಿಗಿಂತ ಪ್ರತಿಶತ 25ರಷ್ಟು ಹೆಚ್ಚಾಗಿತ್ತು. ಈ ಲೆಕ್ಕ 2014ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿಯೂ ಓಡಿಸಾದ ಕಟಕ ಪಟ್ಟಣದ ಜೋಪಡಿಗಳಲ್ಲಿ ಇದೇ ಬಗೆಯ ಪ್ರಯೋಗ ನಡೆದು, ಮಕ್ಕಳ ತಿಳಿವಳಿಕೆ ಚುರುಕಾದುದು ಕಂಡುಬಂದಿತು.

ಅಂದಮೇಲೆ ಕೆಲಸ ಮಾಡಿದ್ದು ಆಟಿಕೆಯ ಬೆಲೆಯಲ್ಲ, ಕೂಸಿನ ಎದುರಿಗೆ ಕುಳಿತ ಮನುಷ್ಯರು.

ಪಾಳಿ ಮುಗಿಸಿ ಸೋತು ಬಂದವರಿಗೆ ಬೇರೆ ವೇಳೆ ಎಲ್ಲಿಯದು, ಎಂದು ನೀವು ಕೇಳುವಿರಿ. ಬೇರೆ ವೇಳೆ ಬೇಕಾಗಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದಂತೂ ಇದ್ದದ್ದೇ. ಆಗ ಕೈ ಹಿಡಿದಾಗ “ಇದು ಕೈ”, ಕಾಲು ತಿಕ್ಕುವಾಗ “ಇದು ಕಾಲು” ಎನ್ನಿರಿ. ಎಳೆಯ ಕೂಸಿಗೆ ಒಂದು ಗೇಣಿನ ಆಚೆ ಸ್ಪಷ್ಟವಾಗಿ ಕಾಣದು. ಆದ್ದರಿಂದ ಮುಖ ಹತ್ತಿರ ತಂದು ಮಾತಾಡಿಸಿರಿ. ಅದು “ಊಂ” ಎಂದರೆ ನೀವೂ “ಊಂ” ಎಂದು, ಮತ್ತೆ ಅದರ ಸರದಿಗೆ ಕಾಯಿರಿ. ಸಂಭಾಷಣೆಯ ಮೊದಲ ಪಾಠ ಇದೇ. ಏಳೆಂಟು ತಿಂಗಳಿಗೆ ಸೆರಗಿನಿಂದ ಮುಖ ಮುಚ್ಚಿ ತೆಗೆಯುವ ಆಟ. ಕಣ್ಣಿಗೆ ಮರೆಯಾದದ್ದು ಇಲ್ಲವಾಗಲಿಲ್ಲವೆಂದು ಕೂಸು ಇದರಿಂದ ಕಲಿಯುತ್ತದೆ. ಮುಂದೆ ಚಮಚವನ್ನು ಹತ್ತು ಸಲ ಕೆಳಗೆ ಒಗೆಯುತ್ತದೆ. ಅದು ಹಟವಲ್ಲ, ಪರೀಕ್ಷೆ. ಹನ್ನೊಂದನೆಯ ಸಲ ಬೇಸರ ಬರುವುದು ನಮಗೂ ಗೊತ್ತು.

ಅಡಿಗೆಯ ಮೂಲೆಯಂಥ ಶಾಲೆ ಮತ್ತೊಂದಿಲ್ಲ. ರೊಟ್ಟಿ ಬಡಿಯುವಾಗ ಲಿಂಬೆಹಣ್ಣಿನಷ್ಟು ಹಿಟ್ಟನ್ನು ಎರಡು ವರ್ಷದ ಮಗುವಿನ ಕೈಗೆ ಕೊಟ್ಟು ಒಲೆಯಿಂದ ಒಂದು ಮಾರು ದೂರ ಕೂಡ್ರಿಸಿರಿ. ಅದು ಹಿಚುಕಲಿ, ಹೊಸೆಯಲಿ. ಮುಂದೆ ಲೇಖಣಿ ಹಿಡಿಯುವ ಬೆರಳುಗಳಿಗೆ ಬಲ ಬರುವುದು ಹೀಗೆಯೇ. ಊರಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಮಣ್ಣು ತಂದು ಎತ್ತು ಮಾಡುತ್ತಿದ್ದೆವಲ್ಲವೇ? ಅದೇ ಎತ್ತನ್ನು ಇಲ್ಲಿ ಹಿಟ್ಟಿನಲ್ಲಿ ಮಾಡಿ ತೋರಿಸಿರಿ. ಡಬ್ಬಿಗಳನ್ನು ಒಂದರ ಮೇಲೊಂದು ಏರಿಸುವುದು, ಯಾವ ಮುಚ್ಚಳ ಯಾವ ಡಬ್ಬಿಗೆಂದು ಹೊಂದಿಸುವುದು, ಒಗೆದ ಬಟ್ಟೆಗಳಲ್ಲಿ ಅಪ್ಪನದು ಬೇರೆ ತನ್ನದು ಬೇರೆ ಮಾಡುವುದು, ಇವೆಲ್ಲವೂ ಗಣಿತವೇ. ತುಳಶೀಬಾಗಿನಲ್ಲಿ ಮಾರುವ ಭಾತುಕಲಿಯ ಪುಟ್ಟ ಪಾತ್ರೆಗಳು ಅಂದವಾಗಿವೆ, ನಿಜ. ಆದರೆ ಮಗುವಿಗೆ ಬೇಕಾದದ್ದು ತಾಯಿ ಹಿಡಿಯುವ ಸೌಟು. ನಾಲ್ಕು ದಾಟಿದ ಮಕ್ಕಳಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಏಳೇಳರ ಎರಡು ಸಾಲು ವೃತ್ತ ಬರೆದರೆ ಅದೇ ಅಳಗುಳಿ ಮಣೆ. ಹುಣಸೆಬೀಜ ಹಂಚುತ್ತ ಎಣಿಕೆ ತಾನಾಗಿ ಬರುತ್ತದೆ.

ಇದು ಬಡವರ ಸಮಾಧಾನಕ್ಕೆ ಹೇಳುವ ಮಾತಲ್ಲ. ತಾರಾಬಾಯಿ ಮೋಡಕರು 1945ರಲ್ಲಿ ಸಮುದ್ರದಂಡೆಯ ಬೋರ್ಡಿಯಲ್ಲಿ ಅನುತಾಯಿ ವಾಘರೊಡನೆ ಬಾಲವಾಡಿ ತೆರೆದಾಗ, ಬೆಲೆಯುಳ್ಳ ಪರದೇಶದ ಸಾಧನಗಳನ್ನು ಬಿಟ್ಟು ಕಪ್ಪೆಚಿಪ್ಪು, ಬೀಜ, ಎಲೆ, ಹರಳುಗಳಿಂದಲೇ ಪಾಠ ನಡೆಸಿದರು. ಬರಲಾರದ ಮಕ್ಕಳ ಅಂಗಳಕ್ಕೆ ಬಾಲವಾಡಿಯನ್ನೇ ಒಯ್ದರು. ‘ಅಂಗನವಾಡಿ’ ಎಂಬ ಹೆಸರು ಅಲ್ಲಿಂದ ಬಂದದ್ದು. ನಮ್ಮ ಈ ಪುಣೆಯಲ್ಲಿಯೇ ಅರವಿಂದ ಗುಪ್ತರು 2003ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಕಸದಿಂದ ಆಟಿಕೆ ಮಾಡುವುದನ್ನು ಮಕ್ಕಳಿಗೆ ಕಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಇನ್ನು ಮಾತಿನ ವಿಷಯ. ನಮ್ಮವರೊಬ್ಬರಿಗೆ ಒಂದು ಬಾಲವಾಡಿಯಲ್ಲಿ “ಮನೆಯಲ್ಲಿಯೂ ಮರಾಠಿಯನ್ನೇ ಆಡಿರಿ, ಇಲ್ಲದಿದ್ದರೆ ಮಗಳು ಗೊಂದಲಕ್ಕೆ ಬೀಳುತ್ತಾಳೆ” ಎಂದರಂತೆ. ಅವರು ಹಾಗೆಯೇ ನಡೆದರು. ಆದರೆ ಅವರಿಗೆ ಬರುವ ಮರಾಠಿ ಸಂತೆಯಷ್ಟು, ಬಸ್ಸಿನಷ್ಟು. ಕಥೆ ನಿಂತಿತು, ಲಾಲಿ ನಿಂತಿತು, ಮನೆ ಮೂಕವಾಯಿತು. ಎರಡು ಭಾಷೆ ಕೇಳುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಮಾತೇ ಕೇಳದಿದ್ದರೆ ತಡವಾಗುತ್ತದೆ. ಮರಾಠಿಯನ್ನು ಓಣಿಯ ಗೆಳೆಯರು ಕಲಿಸುತ್ತಾರೆ, ಕಲಿಯಲೂ ಬೇಕು. ನೀವು ಮಾತ್ರ ನಿಮಗೆ ತುಂಬಿ ಬರುವ ಭಾಷೆಯಲ್ಲಿ ಆಡಿರಿ. ಮಗು ಎರಡನ್ನೂ ಬೆರೆಸಿದರೆ ನಗಬೇಡಿರಿ.

ಅಳುವ ಕೂಸಿನ ಕೈಗೆ ಮೊಬೈಲು ಕೊಡುವುದು ಸುಲಭವೆಂದು ಬಲ್ಲೆವು. ಎರಡು ವರ್ಷದೊಳಗಿನವರಿಗೆ ಅದು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಕೆಲವು ಎಚ್ಚರಿಕೆ. ಮೂರು ವರ್ಷದೊಳಗಿನವರಿಗೆ ಹುಣಸೆಬೀಜ, ಶೇಂಗಾ, ಗುಂಡಿ, ಸಣ್ಣ ಮುಚ್ಚಳ ಕೊಡಬಾರದು. ಗಂಟಲಲ್ಲಿ ಸಿಕ್ಕರೆ ಪ್ರಾಣಕ್ಕೆ ಬರುತ್ತದೆ. ಗುಲಗಂಜಿ ಅಂದವಾಗಿದ್ದರೂ ಒಳಗೆ ವಿಷವಿದೆ, ಮನೆಯಲ್ಲಿಯೇ ಇಡಬೇಡಿರಿ. ನೀರು ತುಂಬಿದ ಬಕೀಟಿನ ಬಳಿ ಕೂಸನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು.

ಹೀಗೆ ಆಡುತ್ತ ಹೋದರೆ ಕೂಸಿನಲ್ಲಿ ಏನಾದರೂ ಕೊರತೆಯಿದ್ದರೆ ಅದೂ ಬೇಗ ಗೊತ್ತಾಗುತ್ತದೆ. ಹಿಂದಿನಿಂದ ತಾಟು ಬಾರಿಸಿದರೂ ತಿರುಗದಿದ್ದರೆ, ವರ್ಷ ತುಂಬಿದರೂ ತೊದಲದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸಿ ಆಡದಿದ್ದರೆ, “ಅವರಪ್ಪನೂ ತಡವಾಗಿ ಮಾತಾಡಿದವನು” ಎಂದು ಸುಮ್ಮನಿರದೆ ಸಸೂನ ಆಸ್ಪತ್ರೆಗೆ ಒಯ್ದು ಮೊದಲು ಕಿವಿ ಪರೀಕ್ಷೆ ಮಾಡಿಸಿರಿ. ಅಲ್ಲಿ ಚೀಟಿ ತುಂಬಲು ತೊಡಕಾಗುವವರು ಸಂಜೆ ವಾಚನಾಲಯಕ್ಕೆ ಬಂದರೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ.