ಸಂಘದ ಟ್ರ್ಯಾಕ್ಟರಿಗೆ ಟರ್ಬೊ ಬೇಕೇ?



ಸಾಲ ತೆಗೆದು ಸಣ್ಣ ಟ್ರ್ಯಾಕ್ಟರ್ ಕೊಂಡು ಬಾಡಿಗೆಗೆ ಬಿಡುವ ಸಂಘಗಳಿಗೆ ಒಂದು ಸಲಹೆ ಬರುವುದುಂಟು: "ಅಕ್ಕಾ, ಇದಕ್ಕೊಂದು ಟರ್ಬೊ ಕೂಡಿಸಿಬಿಡಿ, ಎರಡು ಎಕರೆ ಉಳೋ ಹೊತ್ತಲ್ಲಿ ಮೂರು ಎಕರೆ ಉಳಬಹುದು." ಕೇಳೋಕೆ ಚೆನ್ನಾಗಿದೆ. ಆದರೆ ದುಡ್ಡು ಎಲ್ಲರ ಉಳಿತಾಯದ್ದು. ಒಪ್ಪುವ ಮೊದಲು ವಿಷಯ ತಿಳಿದುಕೊಳ್ಳೋಣ.

ಟರ್ಬೊ ಅಂದರೆ ಏನು?

ಒಲೆ ಹೊಗೆಯಾಡಿದರೆ ನಾವು ಊದುಗೊಳವೆಯಿಂದ ಊದುತ್ತೇವೆ. ಗಾಳಿ ಸಿಕ್ಕ ಕೂಡಲೇ ಬೆಂಕಿ ಹತ್ತುತ್ತದೆ. ಇಂಜಿನ್ನಿನದೂ ಅದೇ ಕಥೆ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಸಾಮಾನ್ಯ ಇಂಜಿನ್ ತಾನೇ ಎಳೆದುಕೊಂಡಷ್ಟು ಗಾಳಿಯಲ್ಲಿ ಕೆಲಸ ಮಾಡುತ್ತದೆ. ಟರ್ಬೊದಲ್ಲಿ ಒಂದೇ ಸಲಾಕೆಯ ಎರಡು ತುದಿಗೆ ಎರಡು ಚಕ್ರಗಳಿವೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ತೊಂದರೆ ಎಲ್ಲಿ?

1. ಬರೀ ಗಾಳಿಯಿಂದ ಶಕ್ತಿ ಹೆಚ್ಚು ಏರದು. ಪಂಪಿನಿಂದ ಡೀಸೆಲ್ಲನ್ನೂ ಹೆಚ್ಚಿಸಬೇಕು. ಆಗ ಒಳಗಿನ ಬಿಸಿ, ಒತ್ತಡ ಎರಡೂ ಏರುತ್ತವೆ. ಪಿಸ್ಟನ್ ಕರಗಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು. ಕ್ಲಚ್ಚು, ಗೇರುಗಳಿಗೂ ಹೊರೆ ಹೆಚ್ಚು. ಕಂಪನಿಯಲ್ಲೇ ಟರ್ಬೊ ಹಾಕಿ ಬರುವ ಇಂಜಿನ್ನುಗಳನ್ನು ಈ ಹೊರೆಗೆ ತಕ್ಕಂತೆ ಗಟ್ಟಿಯಾಗಿ ಮಾಡಿರುತ್ತಾರೆ.

2. ಸಣ್ಣ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದನ್ನು ಕಾಪಾಡುವುದು ಇಂಜಿನ್ ಆಯಿಲ್. ಆಯಿಲ್ ಕೊಳೆಯಾದರೆ ಬೇಗ ಕೆಡುತ್ತದೆ. ಭಾರದ ಕೆಲಸ ಮುಗಿದ ಕೂಡಲೇ ಆಫ್ ಮಾಡದೆ ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಡಬೇಕು. ಬಾಡಿಗೆಗೆ ಓಡಿಸುವ ಡ್ರೈವರು ಇಷ್ಟು ತಾಳ್ಮೆ ತೋರುತ್ತಾನೆಯೇ?

3. ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ. ವಾರಂಟಿ, ವಿಮೆಯ ಷರತ್ತುಗಳನ್ನೂ ಓದಿಸಿಕೊಳ್ಳಿ.

ಮೊದಲು ಇಷ್ಟು ಮಾಡಿ

ಟ್ರ್ಯಾಕ್ಟರ್ ಎಳೆಯದೆ ಕಪ್ಪು ಹೊಗೆ ಬಿಟ್ಟರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಧೂಳಿನ ಹೊಲದಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಇಂಜೆಕ್ಟರ್ ಪರೀಕ್ಷೆ ಮಾಡಿಸಿ, ವಾಲ್ವ್ ಅಂತರ ಸರಿಪಡಿಸಿ. ರೋಟವೇಟರಿನ ಸವೆದ ಬ್ಲೇಡು ಬದಲಿಸಿ. ಹಿಂದಿನ ಚಕ್ರ ನಿಂತಲ್ಲೇ ಜಾರುತ್ತಿದ್ದರೆ ಶಕ್ತಿ ಎಷ್ಟು ಹೆಚ್ಚಿಸಿದರೂ ಮಣ್ಣಿಗೆ ಮುಟ್ಟದು. ಟೈರು, ತೂಕ ನೋಡಿಕೊಳ್ಳಿ. ಈ ಸಣ್ಣ ರಿಪೇರಿಗಳಿಂದಲೇ ಕಳೆದುಹೋದ ಶಕ್ತಿ ಎಷ್ಟೋ ಸಲ ಮರಳಿ ಬರುತ್ತದೆ.

ಇಷ್ಟಾದರೂ ಕೆಲಸಕ್ಕೆ ಸಾಲದಿದ್ದರೆ, ಹಳೆಯದನ್ನು ಮಾರಿ ದೊಡ್ಡದು ಕೊಳ್ಳುವ ಲೆಕ್ಕವನ್ನೂ ಹಾಕಿ. ಇಂಜಿನ್ ಕೆಟ್ಟು ಉಳುಮೆ ಕಾಲದಲ್ಲಿ ಗಾಡಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ.

ಸಭೆಯಲ್ಲಿ ಚರ್ಚಿಸಿ

- ನಮ್ಮ ಟ್ರ್ಯಾಕ್ಟರಿನ ಆಯಿಲ್, ಏರ್ ಫಿಲ್ಟರ್ ಕೊನೆಗೆ ಬದಲಿಸಿದ್ದು ಯಾವಾಗ? ಪುಸ್ತಕದಲ್ಲಿ ಬರೆದಿದ್ದೇವೆಯೇ?
- ಟರ್ಬೊ ಕೂಡಿಸಿದ ಮೇಲೆ ಇಂಜಿನ್ ಕೆಟ್ಟರೆ ಖರ್ಚು ಯಾರದ್ದು? ಮೆಕ್ಯಾನಿಕ್ ಬರೆದುಕೊಡುತ್ತಾರೆಯೇ?
- ಆ ಹಣದಲ್ಲಿ ಮೊದಲು ಯಾವ ರಿಪೇರಿ ಮಾಡಿಸಬಹುದು?

ಎಲ್ಲರ ಮಾತು ಕೇಳಿ, ಠರಾವು ಬರೆದು, ಆಮೇಲೆ ದುಡ್ಡು ತೆಗೆಯೋಣ.