ಮನೆಯ ನಕ್ಷೆಯಲ್ಲಿ ಕನ್ನಡ ಅಕ್ಷರ: ತೊಡಕುಗಳು ಮತ್ತು ದಾರಿಗಳು



ಪಿ.ಯು.ಸಿ. ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ಸಿವಿಲ್ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಅಥವಾ ಡಿಪ್ಲೊಮಾ ಕಡೆಗೆ ಹೋಗುತ್ತೀರಿ. ಇನ್ನು ಕೆಲವರು ಐ.ಟಿ.ಐ.ಯ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ತರಬೇತಿ ಆರಿಸಿಕೊಳ್ಳುತ್ತೀರಿ. ಎಲ್ಲಿಗೆ ಹೋದರೂ ಆಟೋಕ್ಯಾಡ್‌ನಂತಹ ತಂತ್ರಾಂಶದಲ್ಲಿ ನಕ್ಷೆ ಬರೆಯಲೇಬೇಕು. ಆ ನಕ್ಷೆಯನ್ನು ಕೊನೆಗೆ ಕೈಯಲ್ಲಿ ಹಿಡಿಯುವವರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ಗೌಂಡಿಗಳು ಮತ್ತು ಮನೆಯ ಯಜಮಾನರು. ನಮ್ಮ ಗಡಿಭಾಗದಲ್ಲಿ ಒಬ್ಬರಿಗೆ ಕನ್ನಡ ಓದಲು ಬರುತ್ತದೆ, ಇನ್ನೊಬ್ಬರಿಗೆ ಮರಾಠಿ, ಮತ್ತೊಬ್ಬರಿಗೆ ಉರ್ದು. ನಕ್ಷೆಯಲ್ಲಿ ಇಂಗ್ಲಿಷ್ ಮಾತ್ರ ಇದ್ದರೆ ಕೆಲಸವೆಲ್ಲ ಬಾಯಿಮಾತಿನ ಮೇಲೆಯೇ ನಡೆಯಬೇಕಾಗುತ್ತದೆ.

ಆದರೆ ಕನ್ನಡದಲ್ಲಿ ಬರೆಯಲು ಹೊರಟರೆ ಕೆಲವೊಮ್ಮೆ ಪ್ರಶ್ನಾರ್ಥಕ ಚಿಹ್ನೆಗಳು, ಖಾಲಿ ಚೌಕಗಳು ಅಥವಾ ಬೇರ್ಪಟ್ಟ ಒತ್ತಕ್ಷರಗಳು ಕಾಣುತ್ತವೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೂರು ಕಾರಣಗಳು

ಮೊದಲನೆಯದು ಫಾಂಟಿನ ಬಗೆ. ಆಟೋಕ್ಯಾಡ್ 1982ರಲ್ಲಿ ಬಂದದ್ದು. ಆಗ ನಕ್ಷೆಗಳನ್ನು ಪೆನ್ನು ಓಡಿಸುವ ಪ್ಲಾಟರ್ ಯಂತ್ರದಲ್ಲಿ ತೆಗೆಯುತ್ತಿದ್ದರು. ಪೆನ್ನಿಗೆ ಸುಲಭವಾಗಲೆಂದು ಬರೀ ಗೆರೆಗಳಿಂದಾದ ಅಕ್ಷರಗಳನ್ನು ಮಾಡಿದರು. ಅವೇ ಎಸ್‌ಎಚ್‌ಎಕ್ಸ್ ಫಾಂಟುಗಳು. ತಂತ್ರಾಂಶದ ಜೊತೆಗೆ ಬರುವ ಸಾಮಾನ್ಯ ಎಸ್‌ಎಚ್‌ಎಕ್ಸ್ ಫಾಂಟುಗಳಲ್ಲಿ ಕನ್ನಡದ ಆಕಾರಗಳಿಲ್ಲ. ಇಲ್ಲದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಎರಡನೆಯದು ಅಕ್ಷರಗಳ ಜೋಡಣೆ. ‘ಸ್ನಾನ’ ಎಂಬ ಪದ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ: ಸ, ಹಲಂತ, ನ, ಆಕಾರದ ಚಿಹ್ನೆ, ನ. ಇವನ್ನು ಕೂಡಿಸಿ ಒತ್ತಕ್ಷರವನ್ನು ಕೆಳಗೆ ಕೂರಿಸುವ ಕೆಲಸವನ್ನು ಫಾಂಟ್ ಮತ್ತು ತಂತ್ರಾಂಶ ಎರಡೂ ಸೇರಿ ಮಾಡಬೇಕು. ತಂತ್ರಾಂಶಕ್ಕೆ ಆ ಶಕ್ತಿ ಇಲ್ಲದಿದ್ದರೆ ಅಕ್ಷರಗಳು ಸಾಲಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಮೂರನೆಯದು ಹಳೆಯ ಸಂಕೇತ ಪದ್ಧತಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಂಡುಗಳನ್ನು ಇಟ್ಟುಕೊಂಡಿವೆ. ಜೋಡಣೆ ಬೇಕಿಲ್ಲವಾದ್ದರಿಂದ ಹಳೆಯ ತಂತ್ರಾಂಶಗಳಲ್ಲೂ ಅವು ನಡೆಯುತ್ತವೆ. ಆದರೆ ಕಡತ ತೆರೆಯುವ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಐದು ದಾರಿಗಳು

1. ಫಾಂಟ್ ಬದಲಿಸಿ. ‘ಸ್ಟೈಲ್’ ಆದೇಶ ಕೊಟ್ಟು ಹೊಸ ಶೈಲಿ ಮಾಡಿ, ಎಸ್‌ಎಚ್‌ಎಕ್ಸ್ ಬದಲು ಟ್ರೂಟೈಪ್ ಫಾಂಟ್ ಆರಿಸಿ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಇರುವ ತುಂಗಾ, ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐ ಎರಡೂ ಕನ್ನಡ ಯೂನಿಕೋಡ್ ಫಾಂಟುಗಳೇ. ನಿರ್ಮಲಾದಲ್ಲಿ ದೇವನಾಗರಿಯೂ ಇರುವುದರಿಂದ ಮರಾಠಿಗೂ ಅದೇ ಸಾಕು. ಕೆಲಸಕ್ಕೆ ಮೊದಲು ‘ನಕ್ಷೆ, ಸ್ನಾನಗೃಹ, ಮಾರ್ಗ’ ಎಂದು ಬರೆದು ನೋಡಿ. ಒತ್ತಕ್ಷರ, ವಟ್ರಸುಳಿ, ಅರ್ಕಾವೊತ್ತು ಮೂರೂ ಸರಿಯಾಗಿ ಬಂದರೆ ಮುಂದುವರಿಯಿರಿ.

2. ಅಕ್ಷರವನ್ನು ಚಿತ್ರರೇಖೆಯಾಗಿಸಿ. ಜೋಡಣೆ ಕೆಡುತ್ತಿದ್ದರೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಪದ ಬರೆದು, ‘ಆಬ್ಜೆಕ್ಟ್ ಟು ಪಾತ್’ ಮೂಲಕ ಗೆರೆಗಳನ್ನಾಗಿ ಪರಿವರ್ತಿಸಿ, ಡಿಎಕ್ಸ್‌ಎಫ್ ಕಡತವಾಗಿ ಉಳಿಸಿ ನಕ್ಷೆಗೆ ತನ್ನಿ. ಯಾವ ಕಂಪ್ಯೂಟರಿನಲ್ಲೂ ಅದು ಕೆಡುವುದಿಲ್ಲ. ಆದರೆ ಅದು ಇನ್ನು ಪಠ್ಯವಲ್ಲ. ಹುಡುಕಲು, ತಿದ್ದಲು ಬರುವುದಿಲ್ಲ. ಆದ್ದರಿಂದ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

3. ಸೂಚಿ ಪಟ್ಟಿ ಮಾಡಿ. ನಕ್ಷೆಯೊಳಗೆ 1, 2, 3 ಎಂದು ಅಂಕಿ ಮಾತ್ರ ಹಾಕಿ. ಪಕ್ಕದಲ್ಲಿ ‘1 – ಪಡಸಾಲೆ, 2 – ಅಡುಗೆಮನೆ’ ಎಂದು ಕನ್ನಡ, ಮರಾಠಿ, ಉರ್ದು ಮೂರು ಕಾಲಮ್ಮಿನ ಪಟ್ಟಿ ಕೊಡಿ. ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಕೈಯಿಂದ ಬರೆದು ಅಂಟಿಸಿದರೂ ನಡೆಯುತ್ತದೆ.

4. ಅಳತೆಗೆ ತಕ್ಕ ಎತ್ತರ ಕೊಡಿ. 1:100 ಪ್ರಮಾಣದ ನಕ್ಷೆಯಲ್ಲಿ, ಕಾಗದದ ಮೇಲೆ 3 ಮಿ.ಮೀ. ಅಕ್ಷರ ಬೇಕಾದರೆ ಮಾದರಿಯಲ್ಲಿ ಅದರ ಎತ್ತರ 300 ಮಿ.ಮೀ. ಇರಬೇಕು. 1:50 ಆದರೆ 150 ಮಿ.ಮೀ. ಕನ್ನಡದ ಒತ್ತಕ್ಷರ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

5. ಪಿಡಿಎಫ್ ಕಳಿಸಿ. ಕಡತದ ಜೊತೆ ಫಾಂಟುಗಳನ್ನೂ ಒಳಗೊಂಡ ಪಿಡಿಎಫ್ ಮಾಡಿ, ಬೇರೊಂದು ಮೊಬೈಲಿನಲ್ಲಿ ತೆರೆದು ಪರೀಕ್ಷಿಸಿ ಆಮೇಲೆ ಕೊಡಿ.

ಉರ್ದುವಿಗೆ ವಿಶೇಷ ಎಚ್ಚರ

ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ಪದದ ಆರಂಭ, ನಡು, ಕೊನೆಗಳಲ್ಲಿ ಅಕ್ಷರದ ರೂಪ ಬದಲಾಗುತ್ತದೆ. ಆದರೆ ಅದೇ ಸಾಲಿನ ಅಂಕಿಗಳು ಎಡದಿಂದ ಬಲಕ್ಕೇ ಓದಬೇಕು. ಇವೆರಡನ್ನೂ ಸಂಭಾಳಿಸಲಾಗದ ತಂತ್ರಾಂಶದಲ್ಲಿ ಅಕ್ಷರಗಳು ಬಿಡಿಯಾಗಿ ತಿರುವುಮುರುವಾಗುತ್ತವೆ, ಅಳತೆಗಳು ಸ್ಥಾನ ಬದಲಿಸುತ್ತವೆ. ಮಸೀದಿಯ ನಕ್ಷೆಯಲ್ಲಿ ‘ಮೆಹ್ರಾಬ್’, ‘ವುಝೂಖಾನಾ’ ಎಂದು ಉರ್ದುವಿನಲ್ಲಿ ಬರೆಯುವುದಾದರೆ ಎರಡನೆಯ ದಾರಿಯೇ ಲೇಸು. ಉದ್ದ ಅಗಲಗಳನ್ನು ಉರ್ದು ಪದದ ಸಾಲಿನಲ್ಲಿ ಸೇರಿಸದೆ ಬೇರೆ ಸಾಲಿನಲ್ಲಿ ಕೊಡಿ.

ಅಳತೆಯ ಚಿಹ್ನೆ

ಅಡಿ ಮತ್ತು ಇಂಚಿನ ಗೀಟುಗಳು ಫಾಂಟ್ ಬದಲಾದಾಗ ಅಥವಾ ಜೆರಾಕ್ಸ್ ಮಸುಕಾದಾಗ ಅಳಿಸಿಹೋಗಬಹುದು. 4 ಅಡಿ 6 ಇಂಚು ಎಂದರೆ 54 ಇಂಚು. ಗೀಟು ಅಳಿಸಿ ಗೌಂಡಿ ಅದನ್ನು 46 ಇಂಚು ಎಂದು ಓದಿದರೆ ಕಿಟಕಿ 8 ಇಂಚು ಕಿರಿದಾಗುತ್ತದೆ. ಕಟ್ಟಿದ ಗೋಡೆಯನ್ನು ಒಡೆಯಬೇಕಾಗುತ್ತದೆ. ಆ ಖರ್ಚು ಬೀಳುವುದು ಮನೆ ಕಟ್ಟಿಸುವವರ ಮೇಲೆ. ಆದ್ದರಿಂದ ‘ಅಡಿ’, ‘ಇಂಚು’ ಎಂದು ಅಕ್ಷರದಲ್ಲೇ ಬರೆಯಿರಿ.

ಅಭ್ಯಾಸ

ನಿಮ್ಮ ಮನೆಯ ಒಂದು ಕೋಣೆಯನ್ನು ಟೇಪಿನಿಂದ ಅಳೆದು 1:50 ಪ್ರಮಾಣದಲ್ಲಿ ಕಾಗದದ ಮೇಲೆ ಬರೆಯಿರಿ. ಬಾಗಿಲು ಕಿಟಕಿಗಳಿಗೆ ಅಂಕಿ ಕೊಟ್ಟು, ಕನ್ನಡ ಮತ್ತು ಇನ್ನೊಂದು ಭಾಷೆಯಲ್ಲಿ ಸೂಚಿ ಪಟ್ಟಿ ಮಾಡಿ. ಮನೆಯ ಹಿರಿಯರ ಕೈಗೆ ಕೊಟ್ಟು, ಏನನ್ನೂ ವಿವರಿಸದೆ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಕ್ಷೆಯನ್ನು ತಿದ್ದಿ.